ಎಡಗಡೆಯ ಕಲ್ಲು

ಫೆಬ್ರವರಿ ೪, ಮಂಗಳವಾರ

ಡಾಕ್ಟರಮ್ಮ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಸ್ಕ್ಯಾನಿನ ಹಿಡಿಯನ್ನು ಎಡ ಪಕ್ಕೆಗೆ ಒತ್ತಿದರು. ಒತ್ತಿದಲ್ಲೇ ನಿಲ್ಲಿಸಿದರು. ಅಲ್ಲಿಯವರೆಗೆ ತಮ್ಮ ಮಗ ಶಾಲೆಯಲ್ಲಿ ಮಾಡಿದ ತಂಟೆಯನ್ನು ನಗುನಗುತ್ತಾ ಹೇಳುತ್ತಿದ್ದವರ ಮಾತು ಅರ್ಧಕ್ಕೇ ನಿಂತುಹೋಯಿತು. ಇಂಜಿನ್ನಿನ ಸದ್ದು ಒಂದಿಷ್ಟು ಬದಲಾದರೂ ಪೈಲಟ್ಟಿಗೆ ಮೊದಲು ಗೊತ್ತಾಗುವುದು ಕಿವಿಗಲ್ಲ, ಬೆನ್ನಿಗೆ. ನನ್ನ ಬೆನ್ನಿಗೆ ಗೊತ್ತಾಯಿತು.

"ಏನದು?" ಅಂದೆ.

"ಒಂದು ಕಲ್ಲು. ಮೂತ್ರಪಿಂಡದಲ್ಲಿ. ಅಕ್ಕಿಕಾಳಿಗಿಂತ ಚಿಕ್ಕದೇ."

"ಅಷ್ಟೇ ತಾನೇ?"

ಅವರು ಒರೆಸಿಕೊಳ್ಳಲು ಕಾಗದ ಕೊಟ್ಟರು.

ಅಷ್ಟೇ ಅಲ್ಲ ಅಂತ ನನಗೂ ಗೊತ್ತಿತ್ತು. ನೆಲದ ಮೇಲಿದ್ದರೆ ಅದು ನಾಲ್ಕು ದಿನದ ನೋವು. ಮೇಲೆ ಬಾಹ್ಯಾಕಾಶದಲ್ಲಿ, ತೂಕವಿಲ್ಲದ ಕಡೆ, ಮೂಳೆಯ ಸುಣ್ಣ ಕರಗಿ ರಕ್ತಕ್ಕೆ ಸೇರುತ್ತದೆ, ಕಲ್ಲು ಬೆಳೆಯುತ್ತದೆ. ಅಲ್ಲಿ ಅದು ಸಿಕ್ಕಿಹಾಕಿಕೊಂಡರೆ ಒಬ್ಬಳಿಗಾಗಿ ಎಲ್ಲರೂ ಕೆಲಸ ಬಿಟ್ಟು ಇಳಿದುಬರಬೇಕು. ಆದ್ದರಿಂದ ಕಲ್ಲಿದ್ದವರು ಹೋಗುವಂತಿಲ್ಲ. ಉಡಾವಣೆ ಮೇ ತಿಂಗಳಲ್ಲಿ. ಏಪ್ರಿಲ್ ಮೊದಲ ವಾರ, ಹೋಗುವವರು ಯಾರು ಅಂತ ತೀರ್ಮಾನಿಸುವ ಮಂಡಳಿ ಕೂರುತ್ತದೆ. ಅಷ್ಟರೊಳಗೆ ಹೊಟ್ಟೆ ಸ್ವಚ್ಛವಾಗಿದ್ದರೆ ನಾನು. ಇಲ್ಲದಿದ್ದರೆ ನನ್ನ ಬದಲಿ.

ಇಲ್ಲಿ ಪ್ರತಿ ಸೀಟಿಗೂ ಒಬ್ಬರು ಬದಲಿ ಇರುತ್ತಾರೆ. ನನ್ನ ಸೀಟಿಗೆ ಇರುವವಳು ಒಬ್ಬಳು ಹುಡುಗಿ. ಕೂತಲ್ಲಿ ಕೂರುವುದಿಲ್ಲ, ಬಾಯಿ ಮುಚ್ಚುವುದಿಲ್ಲ, ಅದಕ್ಕೇ ಎಲ್ಲರೂ ಗುಬ್ಬಿ ಅಂತಾರೆ. ಆಕೆಯ ಬಗ್ಗೆ ಇವತ್ತು ಬರೆಯುವ ಮನಸ್ಸಿಲ್ಲ.

ಫೆಬ್ರವರಿ ೫

"ದಿನಕ್ಕೆ ಎಷ್ಟು ನೀರು ಕುಡೀತೀರಿ?" ಡಾಕ್ಟರಮ್ಮ ಕೇಳಿದರು.

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ?"

"ಬೆಳಿಗ್ಗೆ ಒಂದು ಲೋಟ ಟೀ. ಆಮೇಲೆ ಸಂಜೆ ಮನೆಗೆ ಬಂದ್ಮೇಲೆ ನೀರು."

"ಮಧ್ಯೆ?"

"ಮಧ್ಯೆ ಕೆಲಸ ಇರುತ್ತಲ್ಲ ಡಾಕ್ಟರೇ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇದು ಯಾವಾಗಿಂದ?"

"ಬುದ್ಧಿ ಬಂದಾಗಿಂದ."

ನಾನು ನಗಲು ಹೋದೆ. ಅವರು ನಗಲಿಲ್ಲ.

ಇಸ್ತ್ರಿ ಅಂಗಡಿಯ ಹಿಂದಿನ ಒಂದು ಕೋಣೆ ನಮ್ಮ ಮನೆ. ಅಮ್ಮ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನಾನೂ ತಂಗಿಯೂ ಮಡಿಸುತ್ತಿದ್ದೆವು. ಬಟ್ಟೆ ಸುತ್ತಿಬರುತ್ತಿದ್ದ ಹಳೇ ಪೇಪರುಗಳಿಂದಲೇ ನಾನು ಓದು ಕಲಿತದ್ದು, ಶಾಲೆ ಬಿಡಿಸಿದ ಮೇಲೆ. ಗಲ್ಲಿಯ ಎಲ್ಲ ಮನೆಗೂ ಸೇರಿ ಕೊನೆಯಲ್ಲೊಂದು ಕಕ್ಕಸು. ಅದಕ್ಕೆ ಚಿಲಕವಿರಲಿಲ್ಲ, ದೀಪವಿರಲಿಲ್ಲ. ಮುಂದೆ ಕಟ್ಟೆಯ ಮೇಲೆ ಗಂಡಸರು ಇಸ್ಪೀಟು ಹಾಕುತ್ತಿದ್ದರು. ಮಧ್ಯಾಹ್ನ ದಾಟಿದರೆ ಅಮ್ಮ ನೀರಿನ ಕೊಡದ ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು. "ಗಂಟಲು ಒಣಗಿದ್ರೆ ಉಗುಳು ನುಂಗ್ರೇ" ಅನ್ನುತ್ತಿದ್ದಳು. ತಂಗಿ ಅಳುತ್ತಿದ್ದಳು. ನಾನು ಅಳುತ್ತಿರಲಿಲ್ಲ. ನನಗೆ ಅದು ಬಂತು. ಕೆಲವರಿಗೆ ಹಾಡು ಬರುತ್ತದೆ, ಹಾಗೆ.

ಮುಂದೆ ವಿಮಾನ ತೊಳೆಯುವ ಕೆಲಸಕ್ಕೆ ಸೇರಿ, ಸಂಬಳದ ಬದಲು ಹಾರಾಟದ ಪಾಠ ಹೇಳಿಕೊಡಿ ಅಂತ ಗಂಟುಬಿದ್ದೆ. ಆ ಹ್ಯಾಂಗರಿನಲ್ಲಿ ಹೆಂಗಸರಿಗೆ ಅಂತ ಕಕ್ಕಸೇ ಇರಲಿಲ್ಲ. ಸರಕು ವಿಮಾನಗಳಲ್ಲಿ ಗಂಡಸರಿಗೊಂದು ಡಬ್ಬಿ ಇರುತ್ತಿತ್ತು. ನನಗೆ ಏನೂ ಬೇಕಾಗಿರಲಿಲ್ಲ. ಬೆಳಕು ಹರಿಯುವ ಮೊದಲು ಹತ್ತಿ ಸಂಜೆಗೆ ಇಳಿಯುತ್ತಿದ್ದೆ. ನನ್ನ ಜೊತೆ ಹಾರುತ್ತಿದ್ದ ಕ್ಯಾಪ್ಟನ್ ನನಗೆ ಒಂಟೆ ಅಂತ ಹೆಸರಿಟ್ಟರು. ಈಗ ಈ ಯಾನದ ನಾಯಕರೂ ಅವರೇ. ಎಲ್ಲರ ಮುಂದೆ ಬೆನ್ನು ತಟ್ಟಿ, "ನಮ್ಮ ಒಂಟೇನ ನೋಡಿ ಕಲೀರಿ, ಒಂದು ದಿನ ಆದರೂ ಅದು ಬೇಕು ಇದು ಬೇಕು ಅಂದಿದಾಳಾ?" ಅನ್ನುತ್ತಿದ್ದರು.

ಎಷ್ಟು ಹಿಗ್ಗಿದ್ದೆ ನಾನು.

ಫೆಬ್ರವರಿ ೯, ಭಾನುವಾರ

ಅಮ್ಮನ ಫೋನು. ಕಿವಿ ಮಂದವಾದ ಮೇಲೆ ಅವಳು ಮಾತಾಡುವುದಿಲ್ಲ, ಕೂಗುತ್ತಾಳೆ.

"ಪಕ್ಕದ ಮನೆಯವಳಿಗೆ ಹೇಳ್ದೆ ಕಣೇ, ಮೇ ತಿಂಗಳಲ್ಲಿ ನನ್ನ ಮಗಳು ಮೇಲೆ ಹೋಗ್ತಾಳೆ ಅಂತ. ಅವಳು ಅಯ್ಯೋ ಪಾಪ, ಡಾಕ್ಟರು ಹಾಗಂದ್ರಾ ಅಂತ ಅಳೋಕೇ ಶುರು ಮಾಡಿದ್ಲು!"

ತಂಗಿ ಹಿಂದಿನಿಂದ ನಗುತ್ತಿದ್ದಳು. ನಾನೂ ನಕ್ಕೆ. ಕಲ್ಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಯಾಕಾಯಿತು ಅಂತ ಕೇಳುತ್ತಾಳೆ. ಯಾಕಾಯಿತು ಅಂತ ಅವಳಿಗೆ ಹೇಳಲೇ? ಕೊಡದ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಕೈ ಅದು. ಅದೇ ಕೈ ನಮ್ಮಿಬ್ಬರನ್ನು ಆ ಗಲ್ಲಿಯಿಂದ ಹೊರಗೆ ತಂದದ್ದು.

ಹೇಳಲಿಲ್ಲ.

ಫೆಬ್ರವರಿ ೨೦

ದಿನವೆಲ್ಲ ನೀರು. ಡಾಕ್ಟರಮ್ಮ ಕೊಟ್ಟ ದೊಡ್ಡ ಬಾಟಲಿಯನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದೇನೆ. ಈ ವಯಸ್ಸಿನಲ್ಲಿ ನೀರು ಕುಡಿಯಲು ಕಲಿಯುತ್ತಿದ್ದೇನೆ. ಗಂಟಲು ಅರ್ಧ ಲೋಟಕ್ಕೇ ಮುಚ್ಚಿಕೊಳ್ಳುತ್ತದೆ. ಕುಡಿದರೂ ಆಮೇಲಿನ ಕಷ್ಟ ಬೇರೆ. ಬಾಗಿಲಾಚೆ ಯಾರದಾದರೂ ಹೆಜ್ಜೆ ಸದ್ದಾದರೆ ಸಾಕು, ಎಲ್ಲ ಬಿಗಿದುಕೊಳ್ಳುತ್ತದೆ. ಚಿಲಕ ಗಟ್ಟಿಯಾಗಿದೆ, ದೀಪ ಉರಿಯುತ್ತಿದೆ, ಕಟ್ಟೆಯಿಲ್ಲ, ಇಸ್ಪೀಟಿಲ್ಲ. ಮೈಗೆ ಹೇಳಿದರೆ ಮೈ ನಂಬುವುದಿಲ್ಲ. ನಲ್ಲಿ ತಿರುಗಿಸಿ ಬಿಟ್ಟು, ಕಣ್ಣು ಮುಚ್ಚಿ ಕೂರುತ್ತೇನೆ.

ಸುರಕ್ಷಿತವಾಗಿ ಇಳಿಸಿದ ವಿಮಾನಗಳಿಗೆ ಲೆಕ್ಕವಿಲ್ಲ. ಇದೊಂದು ಆಗುತ್ತಿಲ್ಲ.

ಮಾರ್ಚ್ ೧, ಶನಿವಾರ

ನೌಕೆಯೊಳಗಿನ ಸೀಟು ಬಸ್ಸಿನ ಸೀಟಿನ ಹಾಗಲ್ಲ. ಕೂರುವವರ ಮೈಗೆ ಗಾರೆ ಹೊಯ್ದು, ಬೆನ್ನು, ಸೊಂಟ, ಭುಜದ ಅಚ್ಚು ತೆಗೆದು, ಅದರ ಪ್ರಕಾರ ಸೀಟಿನ ಒಳಮೈ ಮಾಡುತ್ತಾರೆ. ಇಳಿಯುವಾಗ ನೆಲಕ್ಕೆ ಬಡಿಯುವ ಪೆಟ್ಟಿನಿಂದ ಬೆನ್ನು ಮುರಿಯಬಾರದು, ಅದಕ್ಕೆ. ಹೋದ ವರ್ಷ ನನ್ನದು ತೆಗೆದಿದ್ದರು. ಬಿಸಿಗಾರೆಯಲ್ಲಿ ಅರ್ಧ ಮುಳುಗಿ ಮಲಗಿ, ಇನ್ನು ಈ ಆಕಾರದಲ್ಲಿ ಬೇರೆ ಯಾರೂ ಹಿಡಿಸುವುದಿಲ್ಲ ಅಂತ ಒಳಗೊಳಗೇ ಸುಖಪಟ್ಟಿದ್ದೆ.

ಇವತ್ತು ಅಚ್ಚಿನ ಕೋಣೆಯ ಮುಂದೆ ಹಾದುಹೋಗುವಾಗ ಬಾಗಿಲು ತೆರೆದಿತ್ತು. ಒಳಗೆ ತೊಟ್ಟಿಯಲ್ಲಿ ಗುಬ್ಬಿ ಮಲಗಿದ್ದಳು, ಕುತ್ತಿಗೆಯವರೆಗೆ ಬಿಳಿ. ನನ್ನ ಒಳಮೈಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಮುಖ ಗೋಡೆಯ ಕಡೆಗೆ.

ಅಚ್ಚಿನ ಮೇಸ್ತ್ರಿ ನನ್ನನ್ನು ನೋಡಿ ತಡವರಿಸಿದರು. "ಸುಮ್ನೆ ಮುನ್ನೆಚ್ಚರಿಕೆಗೆ ಅಂತ ಹೇಳಿದಾರೆ ಮೇಡಂ. ನಿಮ್ದು ಎಲ್ಲೂ ಹೋಗಿಲ್ಲ, ಇಲ್ಲೇ ಇದೆ."

"ಕಾಣ್ತಾ ಇದೆ," ಅಂದೆ.

ಆ ಹುಡುಗಿ ಕಣ್ಣು ಮಾತ್ರ ಹೊರಳಿಸಿ ನನ್ನ ಕಡೆ ನೋಡಿದಳು. ಅಲ್ಲಾಡುವಂತಿರಲಿಲ್ಲ ಪಾಪ. "ಅಕ್ಕ, ನಾನು ಕೇಳಿಲ್ಲ, ಅವರೇ..." ಅಂದಳು.

"ಮಾತಾಡಬೇಡ, ಅಚ್ಚು ಕೆಡುತ್ತೆ," ಅಂತ ಹೇಳಿ ಬಂದೆ. ಹಾಗೆ ಹೇಳಬಾರದಿತ್ತು. ಹೇಳಿದ ಧ್ವನಿ ಸರಿಯಿರಲಿಲ್ಲ.

ಮಾರ್ಚ್ ೬

ರಜೆ ಹಾಕಿದೆ. ಗೋಡೆ ನೋಡಿದೆ. ನೀರು ಕುಡಿದೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆಯಿಂದ ಪಕ್ಕೆಯಲ್ಲಿ ಯಾರೋ ಕತ್ತರಿ ಆಡಿಸಿದ ಹಾಗೆ. ಕೈಕಾಲು ತಣ್ಣಗಾಗಿ ವಾಂತಿಯಾಯಿತು. ಆಸ್ಪತ್ರೆಯ ಮಂಚದಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದೆ. ನರ್ಸಮ್ಮ, "ಕೂಗಿ ಬಿಡಿ ಮೇಡಂ, ಇಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ. ಹೆರಿಗೆಗಿಂತ ಹೆಚ್ಚು ಅಂತಾರೆ ಇದು," ಅಂದಳು. ನಾನು ಕೂಗಲಿಲ್ಲ. ದಿಂಬಿನ ಬಟ್ಟೆ ಕಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಆ ಬಟ್ಟೆ ಹರಿದಿತ್ತು.

ಸಂಜೆ ಕಲ್ಲು ಬಿತ್ತು. ಮೂತ್ರ ಸೋಸುವ ಜಾಲರಿಯಲ್ಲಿ ಕಂದುಬಣ್ಣದ ಒಂದು ಚೂರು. ಕಸ ಗುಡಿಸುವಾಗ ಸಿಗುವಂಥದ್ದು, ಎತ್ತಿ ನೋಡುವುದಕ್ಕೂ ಯಾರೂ ಬಗ್ಗುವುದಿಲ್ಲ.

ಮಾರ್ಚ್ ೧೫

ಸಂತೋಷಕ್ಕೆ ನಿದ್ದೆಯೇ ಬರಲಿಲ್ಲ! ಕ್ಯಾಪ್ಟನ್ ಆಸ್ಪತ್ರೆಗೇ ಬಂದರು. "ಏನು ಒಂಟೆ, ಹೊರೆ ಇಳಿಸಿದೆಯಂತೆ?" ಅಂದರು. ಡಾಕ್ಟರಮ್ಮ ಮಾತ್ರ, ಇನ್ನೊಮ್ಮೆ ಸ್ಕ್ಯಾನ್ ಆಗಲಿ, ಆಮೇಲೆ ನಗೋಣ ಅಂದರು. ಡಾಕ್ಟರುಗಳ ಬಾಯಲ್ಲಿ ಒಳ್ಳೆಯ ಮಾತು ಬೇಗ ಹೊರಡುವುದಿಲ್ಲ. ನಾನು ಮಾತ್ರ ಇವತ್ತು ಊಟ ಎರಡು ಸಲ ಬಡಿಸಿಕೊಂಡೆ. ಸಿಮ್ಯುಲೇಟರಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತು ಸ್ವಿಚ್ಚುಗಳ ಮೇಲೆ ಬೆರಳಾಡಿಸಿ ಬಂದೆ. ಕತ್ತಲಲ್ಲೂ ತಪ್ಪುವುದಿಲ್ಲ.

ಗುಬ್ಬಿ ಬಾಗಿಲಲ್ಲಿ ಸಿಕ್ಕಿ, "ತುಂಬಾ ಖುಷಿಯಾಯ್ತು ಅಕ್ಕ" ಅಂದಳು. ಸುಳ್ಳು ಹೇಳಲು ಬಾರದ ಮುಖ. ಖುಷಿಯೂ ಇತ್ತು, ಇನ್ನೊಂದೂ ಇತ್ತು.

ಏಪ್ರಿಲ್ ೨, ಬುಧವಾರ

ಆಗಲಿಲ್ಲ.

ಏಪ್ರಿಲ್ ೫

ಮೂರು ದಿನದಿಂದ ಬರೆಯಲು ಕೂತು ಏಳುತ್ತಿದ್ದೇನೆ. ಬರೆದುಬಿಡುತ್ತೇನೆ.

ಎಡಗಡೆಯ ಕಲ್ಲು ಹೋಗಿದೆ. ಬಲಗಡೆ ಮರಳಿನಂಥದ್ದು ಕೂಡುತ್ತಿದೆ. ಈ ಅಂಗ ಎಷ್ಟೋ ವರ್ಷ ಒಣಗಿ ಕೆಲಸ ಮಾಡಿದೆ, ಇನ್ನು ಇದರ ಸ್ವಭಾವವೇ ಹೀಗೆ ಅಂದರು ಡಾಕ್ಟರಮ್ಮ. ಮಂಡಳಿಯ ಮುಂದೆ ವರದಿ ಓದಿ, ಹಾಳೆಯನ್ನು ಮಗುಚಿಟ್ಟರು. ಮಂಡಳಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮುಂದಿನ ಯಾನ ಇದ್ದೇ ಇದೆಯಲ್ಲ," ಅಂದರು. ಮುಂದಿನದು ಹೊರಡುವ ಹೊತ್ತಿಗೆ ನನ್ನ ತಲೆ ಪೂರ್ತಿ ನೆರೆತಿರುತ್ತದೆ, ಅದು ಅವರಿಗೂ ಗೊತ್ತು. ಟೀ ತರಿಸಿದರು. ಎಲ್ಲರೂ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೇ ಸರಿಸಿದರು.

ತಪ್ಪಿಲ್ಲವಂತೆ. ತಪ್ಪಿದ್ದಿದ್ದರೆ ಚೆನ್ನಾಗಿತ್ತು. ಸಿಟ್ಟು ಇಡಲು ಒಂದು ಜಾಗವಾದರೂ ಇರುತ್ತಿತ್ತು. ಯಾರ ಮೇಲೆ ಇಡಲಿ? ಇಸ್ಪೀಟಿನವರೆಲ್ಲ ಸತ್ತುಹೋಗಿದ್ದಾರೆ. ಒಂದು ಚಿಲಕದ ಮೇಲೆ ಎಷ್ಟಂತ ಸಿಟ್ಟು ಮಾಡಲಿ? ಕ್ಯಾಪ್ಟನ್ ಮೆಚ್ಚಿದ್ದರು, ನಾನು ಮೆಚ್ಚಿಸಿಕೊಂಡಿದ್ದೆ. ಸೌಕರ್ಯವಿಲ್ಲದ ಕಡೆಯಲ್ಲೆಲ್ಲ ನನಗೆ ಬೇಡ ಅಂದು ಅಂದು ಮೇಲೆ ಬಂದವಳು ನಾನು. ಬೇಕು ಅಂದಿದ್ದರೆ ಮೊದಲ ಹ್ಯಾಂಗರಿನಿಂದಲೇ ಕಳಿಸಿಬಿಡುತ್ತಿದ್ದರು. ಬೇಡ ಅಂದದ್ದಕ್ಕೆ ಈ ಬಾಗಿಲವರೆಗೆ ಬಂದೆ, ಬೇಡ ಅಂದದ್ದಕ್ಕೇ ಬಾಗಿಲಲ್ಲಿ ನಿಂತೆ. ಎಷ್ಟು ತಿರುಗಿಸಿ ನೋಡಿದರೂ ನನಗೆ ಬೇರೆ ದಾರಿ ಕಾಣಿಸುವುದಿಲ್ಲ.

ಏಪ್ರಿಲ್ ೧೦, ಗುರುವಾರ

ಅಮ್ಮನಿಗೆ ಹೇಳಿದೆ. ಪೇಪರಿನಲ್ಲಿ ಬರುವ ಮೊದಲು ನನ್ನ ಬಾಯಿಂದಲೇ ಕೇಳಲಿ ಅಂತ. ಕಾರಣ ಹೇಳಲಿಲ್ಲ. ಚಿಕ್ಕವಳೊಬ್ಬಳನ್ನು ಕಳಿಸುತ್ತಿದ್ದಾರೆ, ವಯಸ್ಸಿನ ವಿಷಯ ಅಂದೆ.

ಫೋನು ಕಟ್ಟಾಯಿತೇನೋ ಅಂದುಕೊಂಡೆ.

"ಅಮ್ಮಾ?"

"ಹಾಗಾದ್ರೆ ನೀನು ಹೋಗಲ್ಲ."

"ಇಲ್ಲಮ್ಮ."

"ಖಂಡಿತಾನಾ?"

"ಖಂಡಿತ."

"ಊಟ ಆಯ್ತಾ?" ಅಂದಳು.

ಏಪ್ರಿಲ್ ೧೧

ತಂಗಿ ಬೆಳಿಗ್ಗೆ ಫೋನು ಮಾಡಿದಳು. "ಅಕ್ಕ, ಬೇಜಾರು ಮಾಡ್ಕೋಬೇಡ, ಒಂದು ಹೇಳ್ತೀನಿ. ಅಮ್ಮ ನಿನ್ನೆ ರಾತ್ರಿ ಗೊರಕೆ ಹೊಡ್ಕೊಂಡು ಮಲಗಿದ್ರು. ನೀನು ಆಯ್ಕೆ ಆದಾಗಿನಿಂದ ಅವರು ಸರಿಯಾಗಿ ಮಲಗೇ ಇರ್ಲಿಲ್ಲ ಕಣೇ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಕಟ್ಟಿದ್ರು."

"ಮತ್ತೆ ಬೀದಿಗೆಲ್ಲ ಡಂಗುರ ಹೊಡೀತಿದ್ರಲ್ಲ?"

"ಹೊಡೀತಿದ್ರು. ಒಳಗೆ ಬಂದು ಬಾಗಿಲು ಹಾಕ್ಕೊಂಡು ಅಳ್ತಿದ್ರು."

ಫೋನಿಟ್ಟೆ. ನನ್ನ ಮನೆ ಮುಳುಗಿದ ದಿನ ಅಮ್ಮನಿಗೆ ನಿದ್ದೆ ಬಂತು. ಅವಳ ಮೇಲೆ ಸಿಟ್ಟು ಬಂತು. ಬರಬಾರದಿತ್ತು, ಬಂತು. ಈ ಲೋಕದಲ್ಲಿ ಒಂದು ಜೀವವಾದರೂ ನನ್ನ ಜೊತೆ ಕೂತು ಅಳಲಿ ಅಂತ ಇತ್ತು.

ಏಪ್ರಿಲ್ ೧೯, ಶನಿವಾರ

ಇವತ್ತು ಸೂಟಿನ ಪರೀಕ್ಷೆ. ಬೆಳಗಿಂದ ಸಂಜೆವರೆಗೆ ಸೂಟು ಬಿಚ್ಚದೆ ಸೀಟಿನಲ್ಲಿ ಮಲಗಿರಬೇಕು. ಗುಬ್ಬಿ ಒಳಗೆ, ನಾನು ಹೊರಗೆ ಮೈಕಿನ ಹತ್ತಿರ. ಮಧ್ಯಾಹ್ನ ನೋಡಿದರೆ ಅವಳ ನೀರಿನ ಚೀಲ ತುಂಬಿದ್ದು ತುಂಬಿದ ಹಾಗೇ ಇದೆ.

"ನೀರು ಯಾಕೆ ಕುಡಿದಿಲ್ಲ?" ಅಂದೆ.

"ಬೇಡ ಅಕ್ಕ. ತಡೀತೀನಿ."

"ಯಾಕೆ ತಡೀಬೇಕು?"

ಕಾರಣ ಹೇಳಿದಳು. ಸೂಟಿನೊಳಗೆ ಮೂತ್ರ ಹೀರಲು ಕಟ್ಟಿಕೊಳ್ಳುವ ಬಟ್ಟೆ ಗಂಡಸರ ಅಳತೆಯದು, ಜರುಗುತ್ತದೆ, ಹೋದ ಸಲ ಸೂಟೆಲ್ಲ ಒದ್ದೆಯಾಗಿ ಹುಡುಗರು ನಕ್ಕರು. "ಅದಕ್ಕೇ ನಿನ್ನೆ ಸಂಜೆಯಿಂದ ಕುಡೀಲಿಲ್ಲ. ನೀವೂ ಹಾಗೇ ಮಾಡ್ತಿದ್ರಂತಲ್ಲ ಅಕ್ಕ, ಕ್ಯಾಪ್ಟನ್ ಹೇಳಿದ್ರು. ನೀನು ಮರಿ ಒಂಟೆ ಅಂದ್ರು ನಂಗೆ."

ಹೆಮ್ಮೆಯಿಂದ ಹೇಳಿದಳು.

"ಪರೀಕ್ಷೆ ನಿಲ್ಲಿಸಿ," ಅಂದೆ.

ಇಂಜಿನಿಯರು ಗಾಬರಿಯಾಗಿ ಎದ್ದುನಿಂತರು. "ಮೇಡಂ, ಈಗ ನಿಲ್ಲಿಸಿದ್ರೆ ನಾಳೆ ಮೊದಲಿಂದ ಮಾಡ್ಬೇಕಾಗುತ್ತೆ!"

"ಮಾಡಿ. ಆ ಬಟ್ಟೆ ಅವಳ ಅಳತೆಗೆ ಹೊಲಿಸಿದ ಮೇಲೆ ಮಾಡಿ."

"ಇಷ್ಟು ಸಣ್ಣ ವಿಷಯಕ್ಕೆ..."

"ಸಣ್ಣದಾದ್ರೆ ಬೇಗ ಆಗುತ್ತೆ. ಅವಳು ಕುಡಿದು, ಹೋಗಿ ಬಂದು, ಮತ್ತೆ ಕುಡಿಯೋವರೆಗೆ ಇಲ್ಲಿ ಯಾವ ಗಡಿಯಾರಾನೂ ಓಡಲ್ಲ."

ಕ್ಯಾಪ್ಟನ್ ಬಂದು, "ಏನಿದು ಒಂಟೆ, ನೀನೇ ಹೀಗಂದ್ರೆ ಹೇಗೆ?" ಅಂದರು.

"ನನ್ನ ಹಾಗೆ ಕರೀಬೇಡಿ ಸಾರ್," ಅಂದೆ. "ಅವಳನ್ನೂ ಕರೀಬೇಡಿ."

ನನಗೂ ಅವಸರವಾಗಿತ್ತು, ಅವರು ಉತ್ತರ ಹುಡುಕುತ್ತಿರುವಾಗಲೇ ಬಚ್ಚಲಿಗೆ ಹೋಗಿ ಬಂದೆ. ಒಂದು ದಿನ ಹಾಳಾಯಿತು ಅಂತ ಎಲ್ಲರಿಗೂ ನನ್ನ ಮೇಲೆ ಮುನಿಸು. ತಲೆನೋವು. ಬೇರೆ ವಿಶೇಷವೇನಿಲ್ಲ.

ಏಪ್ರಿಲ್ ೩೦

ಇಲ್ಲಿಯ ಪದ್ಧತಿ: ಉಡಾವಣೆಯ ದಿನ ಯಾನಿಗಳಿಗಿಂತ ಮೊದಲು, ಹೋಗದವರೊಬ್ಬರು ನೌಕೆಯೊಳಗೆ ಹತ್ತಬೇಕು. ಒಂದೊಂದೇ ಸ್ವಿಚ್ಚನ್ನು ಅದರದರ ಜಾಗಕ್ಕೆ ತಂದು, ಯಾನಿಗಳು ಬಂದಾಗ ಬೆಲ್ಟು ಬಿಗಿದು, ಕೊನೆಗೆ ಹೊರಗೆ ಬಂದು ಬಾಗಿಲು ಹಾಕಿಸಬೇಕು. ಆ ಕೆಲಸ ನನಗೆ ಅಂದರು. ನೌಕೆ ನಿಮ್ಮಷ್ಟು ಯಾರಿಗೆ ಗೊತ್ತು ಅಂತ.

ಆಗಲ್ಲ ಅಂದೆ. ಮನೆಗೆ ಬಂದು ಆಗುತ್ತೆ ಅಂತ ಫೋನು ಮಾಡಿದೆ. ಬೇರೆ ಯಾರಾದರೂ ಗುಬ್ಬಿಯ ಬೆಲ್ಟು ಸಡಿಲ ಬಿಟ್ಟಾರು ಅಂತ ಇರಬಹುದು.

ಮೇ ೭, ಬುಧವಾರ

ಮಾಸ್ಕು, ಟೋಪಿ, ಕೈಗವಸು ಹಾಕಿಸಿ ನನ್ನನ್ನು ಒಳಗೆ ಬಿಟ್ಟರು. ಸ್ವಿಚ್ಚುಗಳನ್ನು ಮಲಗಿಯೇ ಮುಟ್ಟಬೇಕು. ಮಲಗಲು ಇರುವುದು ಗುಬ್ಬಿಯ ಸೀಟು. ಮಲಗಿದೆ. ಭುಜ ಹಿಡಿಸಲಿಲ್ಲ, ಸೊಂಟದ ಹತ್ತಿರ ಒಂದು ಏಣು ಒತ್ತಿತು. ಅಷ್ಟು ಹೊತ್ತೂ ಅದು ಒತ್ತುತ್ತಲೇ ಇತ್ತು. ಮುಖದ ಮುಂದೆ ಪುಟ್ಟ ಕಿಟಕಿ, ಅದರ ಮೇಲೆ ಮುಚ್ಚಳ. ಏನೂ ಕಾಣುವುದಿಲ್ಲ. ಕೆಳಗೆ ಎಲ್ಲೋ ಇಂಧನ ತುಂಬುವ ಸದ್ದು, ದೊಡ್ಡ ಪ್ರಾಣಿ ಉಸಿರಾಡಿದ ಹಾಗೆ. ನನ್ನ ಇಡೀ ಆಯುಸ್ಸು ಈ ಸದ್ದಿನ ಕಡೆಗೇ ನಡೆದು ಬಂದಿತ್ತು.

ಕೆಲಸ ಮುಗಿಯಿತು. ಮುಗಿಯಿತು ಅಂತ ಹೇಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

"ಒಳಗಿನವರು?" ಕಿವಿಯಲ್ಲಿ ಧ್ವನಿ. "ಮೇಡಂ, ಆಯ್ತಾ?"

"ಆಯ್ತು," ಅಂದೆ.

ಕ್ಯಾಪ್ಟನ್ ಮೊದಲು ಬಂದರು. ನನ್ನ ಕೈ ಹಿಡಿದು ಬಿಟ್ಟರು. ಆಮೇಲೆ ಗುಬ್ಬಿ. ಇವತ್ತು ಅವಳ ಬಾಯಿಂದ ಮಾತೇ ಇಲ್ಲ. ಭುಜದ ಬೆಲ್ಟು ಎಳೆದು ಬಿಗಿದೆ.

"ಬಿಗಿ ಆಯ್ತಾ?"

"ಇನ್ನೊಂಚೂರು, ಅಕ್ಕ." ಬಿಗಿದೆ. "ಅಕ್ಕ, ನಾನು ನಿಮ್ಮ ಜಾಗದಲ್ಲಿ..."

"ಇದು ನಿನ್ನ ಅಚ್ಚು. ನಾನು ಮಲಗಿ ನೋಡ್ದೆ, ನಂಗೆ ಹಿಡಿಸಲ್ಲ. ಭಯ ಆದ್ರೆ ಭಯ ಆಗ್ತಿದೆ ಅಂತ ಹೇಳು. ಏನು ಬೇಕಾದ್ರೂ ಬಾಯ್ಬಿಟ್ಟು ಕೇಳು. ತಿಳೀತಾ?"

ತಲೆ ಅಲ್ಲಾಡಿಸಿದಳು. ಅವಳ ಗಾಜಿನ ಮುಖವಾಡ ಇಳಿಸಿ, ಹಿಂದಕ್ಕೆ ತೆವಳಿಕೊಂಡು ಹೊರಗೆ ಬಂದೆ. ಬಾಗಿಲು ಹಾಕುವವರು ಹಾಕಿದರು.

ಬಾಗಿಲು ಹಾಕಿಸಿದವರನ್ನು ಕಾಂಕ್ರೀಟಿನ ಕೋಣೆಯೊಂದರಲ್ಲಿ ಕೂರಿಸುತ್ತಾರೆ. ಅದಕ್ಕೆ ಕಿಟಕಿಯಿಲ್ಲ, ಟಿವಿಯೂ ಇಲ್ಲ. ಎಲ್ಲರಿಗಿಂತ ಹತ್ತಿರ ಇರುವುದು ನಾವೇ, ನೋಡದವರೂ ನಾವೇ. ನೆಲ ಅದುರಿತು. ಬೆಂಚು ಅದುರಿತು. ನನ್ನ ಹಲ್ಲುಗಳು ಅದುರಿದವು. ಆಮೇಲೆ ನಿಂತಿತು. ಪಕ್ಕದಲ್ಲಿದ್ದ ಫಿಟ್ಟರು, "ಹೋಯ್ತು" ಅಂದರು.

ಹೊರಗೆ ಬಿಟ್ಟಾಗ ಆಕಾಶದಲ್ಲಿ ಹೊಗೆ ಮಾತ್ರ ಇತ್ತು, ಗಾಳಿ ಅದನ್ನೂ ಕಲಸಿಹಾಕಿತ್ತು. ಮರಳಿ ಕೊಟ್ಟ ಫೋನು ಕೈಯಲ್ಲೇ ಹೊಡೆದುಕೊಂಡಿತು. ಅಮ್ಮ.

"ಹೋಯ್ತು ಕಣೇ! ಟಿವೀಲಿ ನೋಡ್ದೆ! ನೀನು ನೋಡಿದ್ಯಾ?"

"ಇಲ್ಲಮ್ಮ. ನಮಗೆ ಕಾಣಲ್ಲ. ಹೇಗಿತ್ತು?"

"ಏನಂತ ಹೇಳ್ಲಿ. ಬೆಂಕಿ, ಬೆಂಕಿ. ಆಮೇಲೆ ಸಣ್ಣದಾಗ್ತಾ ಆಗ್ತಾ ಒಂದು ಚುಕ್ಕಿ. ಆಮೇಲೆ ಅದೂ ಇಲ್ಲ." ಉಸಿರು ಎಳೆದುಕೊಂಡಳು. "ಆ ಹುಡುಗಿಗೆ ತಾಯಿ ಇದಾಳೇನೇ?"

"ಇದಾರೆ."

"ಪಾಪ," ಅಂದಳು. ಇಷ್ಟು ದಿನ ಕೂಗುತ್ತಿದ್ದ ಧ್ವನಿ ತಗ್ಗಿತು. "ನೀನು ಎಲ್ಲಿದ್ದೀಯ ಈಗ?"

"ಇಲ್ಲೇ ಇದ್ದೀನಿ."

"ಇಲ್ಲೇ ಅಂದ್ರೆ ಎಲ್ಲಿ? ಸರಿಯಾಗಿ ಹೇಳು."

"ನೆಲದ ಮೇಲಿದ್ದೀನಮ್ಮ."

"ಹಾಂ," ಅಂದಳು ಅಮ್ಮ. ಆ ಕಡೆ ಅವಳು ಅಳುತ್ತಿದ್ದಳು, ಸಂತೋಷಕ್ಕೆ. ಈ ಕಡೆ ನಾನೂ ಅತ್ತೆ. ಫೋನನ್ನು ಎದೆಗೆ ಒತ್ತಿಕೊಂಡಿದ್ದೆ, ಅವಳ ಕಿವಿಯೂ ಮಂದವಲ್ಲವೇ, ಕೇಳಿಸಲಿಲ್ಲ. ಬಾಯಿಬಿಟ್ಟು, ಸದ್ದು ಮಾಡಿ, ಹಾದುಹೋಗುವವರೆಲ್ಲ ತಿರುಗಿ ನೋಡುವ ಹಾಗೆ ಅತ್ತೆ.